ಒರಗಿ ನಿಂತ ಬಟಾಣಿಗೆ ಮೊದಲ ಸ್ಥಾನ

ಬಟಾಣಿ ತಳಿ ಸಂಶೋಧನಾ ಕೇಂದ್ರದ ಮುಖ್ಯಸ್ಥರೇ,

ಇಳುವರಿಯಲ್ಲಿ ಕೊನೆಗೆ ಬಂದ ತಳಿಯ ಬೀಜವನ್ನು ಶೀತಲ ಕೋಣೆಯಿಂದ ತೆಗೆದು ಎಸೆಯಬೇಕೆಂದು ತಾವು ಅಪ್ಪಣೆ ಕೊಟ್ಟಿದ್ದೀರಿ. ಮೊದಲು ಬಂದ ತಳಿಯನ್ನು ಈ ಹಂಗಾಮಿನಲ್ಲೇ ರೈತರಿಗೆ ಹಂಚುತ್ತೀರಂತೆ. ಮೊದಲನೆಯದು ನಿಂತಿದ್ದೇ ಕೊನೆಯದರ ಆಸರೆಯಲ್ಲಿ ಎಂಬುದು ನನ್ನ ತಕರಾರು. ಸಭೆಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲೆಂದೇ ಎದ್ದಿದ್ದೆ. ತಾವು ನನ್ನತ್ತ ನೋಡಿದಿರಿ. ನಾನು ಕಿಟಕಿ ಮುಚ್ಚಿ ಬಂದು ಕುಳಿತೆ.

ನಾನು ಓದಿದ್ದು ಸಾಹಿತ್ಯ. ತಮ್ಮ ಕಚೇರಿಯಲ್ಲಿ ನನ್ನ ಕೆಲಸ ಹೊಲದಲ್ಲಿ ತಳಿಗೊಂದರಂತೆ ಗುರುತಿಸಿದ ತಾಕುಗಳಿಗೆ ಹೆಸರಿನ ಚೀಟಿ ಬರೆಯುವುದು. ಪರೀಕ್ಷೆಗೆಂದು ಮೂರು ಕಡೆ ಬಿತ್ತಿದಾಗ ಪ್ರತಿ ಕಡೆಯೂ ತಳಿಗಳ ಸಾಲು ಬದಲಾಗಬೇಕು, ಯಾವ ತಳಿಗೂ ಎಲ್ಲ ಕಡೆ ಒಂದೇ ನೆರೆಮನೆ ಸಿಗಬಾರದು ಎಂದು ತಮ್ಮದೇ ಕೈಪಿಡಿ ಹೇಳುತ್ತದೆ. ಆದರೆ ತಮ್ಮ ಕೊಠಡಿಯಿಂದ ಬಂದದ್ದು ಒಂದೇ ನಕ್ಷೆಯ ಮೂರು ಜೆರಾಕ್ಸ್. ಹೀಗಾಗಿ ಮೂರು ಕಡೆಯೂ ಮೊದಲು ಬಂದ, ನಾವು 'ಅಳಿಯಂದಿರು' ಎಂದು ಕರೆಯುವ ತಳಿಯ ಪಕ್ಕದಲ್ಲೇ ಕೊನೆಗೆ ಬಂದ 'ತಂತಿ' ಇತ್ತು. ಅಳಿಯಂದಿರದು ಎತ್ತರದ ನಿಲುವು, ತುಂಬಿದ ಕಾಯಿ, ಬಳುಕುವ ಸೊಂಟ. ತಂತಿಗೆ ಎಲೆ ಕಡಿಮೆ, ಕಾಯಿಯೂ ಕಡಿಮೆ. ಎಲೆಯ ಜಾಗದಲ್ಲೆಲ್ಲ ಸಿಕ್ಕಿದ್ದನ್ನು ಸುತ್ತಿ ಹಿಡಿಯುವ ಕುಡಿಗಳು.

ಕೊಯ್ಲಿನ ದಿನ ಎರಡನ್ನೂ ಬೇರೆ ಮಾಡಲಾಗದೆ ಕೊಯ್ಲಿನ ಅಕ್ಕ ಕೂಗಿದರು: "ಕತ್ತರಿ ತಗೊಂಡು ಬಾರೇ! ಈ ಅಳಿಯಂದಿರು ಪಕ್ಕದೋಳ ಹೆಗಲು ಬಿಟ್ಟು ಏಳ್ತಾನೇ ಇಲ್ಲ." ತಂತಿಯ ಕುಡಿಗಳನ್ನು ಕತ್ತರಿಸಿದೆ. ಅಳಿಯಂದಿರು ಅಲ್ಲೇ ಅಂಗಾತ ಬಿದ್ದರು.

ಅಲ್ಲೇ ಇದ್ದ ತಾವು, ಆ ಹೆಸರುಗಳನ್ನಿಟ್ಟ ನನ್ನತ್ತ ತಿರುಗಿ, "ಸಾಹಿತ್ಯ ಓದಿದೋರಿಗೆ ಬಟಾಣೀಲೂ ಸಂಸಾರ ಕಾಣುತ್ತೆ ನೋಡಿ" ಎಂದು ನಕ್ಕಿರಿ. ನಾನೂ ನಕ್ಕೆ. ಸಂಬಳ ಕೊಡುವವರು ನಕ್ಕಾಗ ಇನ್ನೇನು ಮಾಡುವುದು?

ಈಗ ನಗು ಬರುತ್ತಿಲ್ಲ. ನಮ್ಮ ಸೋದರಮಾವ ಇಡೀ ಹೊಲಕ್ಕೆ ಅಳಿಯಂದಿರನ್ನೇ ಬಿತ್ತಲು ಹೊರಟಿದ್ದಾರೆ. "ನಿಮ್ಮ ಆಫೀಸಿನ ಬೀಜ ಅಲ್ವೇನೇ, ಧೈರ್ಯವಾಗಿ ಹಾಕ್ಲಾ?"

"ಸ್ವಲ್ಪ ತಾಳಿ ಮಾವ."

"ಯಾಕೆ, ಸಾಹೇಬ್ರು ಏನಾದ್ರೂ ಅಂದ್ರಾ?"

"ಅವರು ಅಂದಿದ್ದಾರೆ. ನಾನೇ ಇನ್ನೂ ಅಂದಿಲ್ಲ."

ಹೊಲದ ತುಂಬ ಅಳಿಯಂದಿರೇ ಆದರೆ ಯಾರು ಯಾರನ್ನು ಎತ್ತಿ ಹಿಡಿಯಬೇಕು? ಒಂದು ಗಾಳಿಮಳೆಗೆ ಬೆಳೆ ನೆಲ ಹಿಡಿದು ಕೊಳೆತರೆ ತಮ್ಮ ಇಳುವರಿಯ ಕೋಷ್ಟಕವನ್ನು ಊರುಗೋಲಾಗಿ ಕೊಡುತ್ತೀರಾ? ತಳಿವೈವಿಧ್ಯವೇ ನಮ್ಮ ಸಂಪತ್ತು ಎಂದು ಗೇಟಿನ ಮೇಲೆ ಬರೆಸಿದವರೂ ತಾವೇ. ಆ ಸಂಪತ್ತಿನಲ್ಲಿ ಕಾಯಿ ತುಂಬುವ ಗುಣದಂತೆ ಎದ್ದು ನಿಲ್ಲುವ ಗುಣವೂ ಸೇರಿರಬೇಕಲ್ಲವೇ?

ನನ್ನ ಬೇಡಿಕೆ ಇಷ್ಟೆ. ಹಂಚುವ ಮೊದಲು ಅಳಿಯಂದಿರನ್ನು ಒಂದು ಹಂಗಾಮು ಒಂಟಿಯಾಗಿ ಬಿತ್ತಿಸಿ. ನಿಂತರೆ ತಂತಿಯ ಬೀಜವನ್ನು ನಾನೇ ಎಸೆಯುತ್ತೇನೆ. ಬಿದ್ದರೆ ಎರಡನ್ನೂ ಸಂಕರ ಮಾಡಿಸಿ. ಹೇಗೂ ಆಗಲೇ ಕೈ ಹಿಡಿದುಕೊಂಡಿವೆ. ಮಾವನಿಗೂ ಅಲ್ಲಿಯವರೆಗೆ ಹಳೆಯ ಬೀಜವನ್ನೇ ಬಿತ್ತಲು ಹೇಳಿದ್ದೇನೆ, ತಮ್ಮನ್ನು ಕೇಳದೆ.

ಎಸೆಯಲೆಂದು ಕೊಟ್ಟ ಪೊಟ್ಟಣ ನನ್ನ ಮೇಜಿನ ಮೇಲೇ ಇದೆ. ತಮ್ಮ ಉತ್ತರ ಬರುವವರೆಗೆ ಕಸದ ಬುಟ್ಟಿ ಎಲ್ಲಿದೆಯೆಂದು ನನಗೆ ಗೊತ್ತಾಗುವುದಿಲ್ಲ.

ಇಂತಿ,
ಎದ್ದು ನಿಂತು ಕಿಟಕಿ ಮುಚ್ಚಿದವಳು