ಕೆಂಡಕುಲದ ಹಿರಿಯಳ ಮುಖ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಈಗಲೂ ಅಲೆ ಎದ್ದರೆ ಹೊಟ್ಟೆ ತೊಳಸುತ್ತದೆಯೇ, ಇಲ್ಲ ಸಮುದ್ರ ನಿನಗೆ ಒಗ್ಗಿಹೋಯಿತೇ? ಹಡಗಿನ ಆಸ್ಪತ್ರೆಗೆ ನರ್ಸೇ ಮೊದಲ ರೋಗಿ ಎಂದು ನೀನು ಬರೆದದ್ದನ್ನು ಓದಿ ನಕ್ಕು ನಕ್ಕು ಸಾಕಾಯಿತು. ಊಟದಲ್ಲಿ ಉದಾಸೀನ ಮಾಡಬೇಡ. ರೋಗಿಗಳಿಗೆ ಹೇಳುವ ಬುದ್ಧಿಮಾತನ್ನು ನಿನಗೂ ಒಂದಿಷ್ಟು ಹೇಳಿಕೋ. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅದನ್ನು ರಮಿಸಿ, ಒಮ್ಮೊಮ್ಮೆ ಗದರಿಸಿ, ಮೇಲೆ ಕರೆತರುತ್ತೇನೆ.

ಹೋದ ಸಲ ಫೋನಿನಲ್ಲಿ ನೀನು, "ಸುಮ್ನೆ ಸಹಿ ಹಾಕಿಬಿಡಮ್ಮ, ಈ ವಯಸ್ಸಲ್ಲಿ ಏನು ಹಟ ನಿಂದು" ಎಂದೆ. ಆಮೇಲೆ ಲೈನು ಕಟ್ಟಾಯಿತು. ತಾನಾಗಿ ಕಟ್ಟಾಗಲಿಲ್ಲ, ನಾನೇ ಇಟ್ಟೆ. ಸಹಿಯನ್ನೂ ಹಾಕಲಿಲ್ಲ. ಏನಾಯಿತೆಂದು ಬೇರೆಯವರ ಬಾಯಿಂದ ಉಪ್ಪುಖಾರ ಸೇರಿ ನಿನಗೆ ತಲುಪುವ ಮೊದಲು ನಾನೇ ಬರೆಯುತ್ತಿದ್ದೇನೆ.

ನಿನ್ನ ಹಡಗಿನಲ್ಲಿ ನಮ್ಮ ಟೀವಿ ಬರುವುದಿಲ್ಲವಾದ್ದರಿಂದ ಬುಡದಿಂದ ಹೇಳಬೇಕು. ಜೀವನವಿಡೀ ನಾನು ಮಾಡಿದ್ದು ಅಳುವ ತಾಯಿಯ ಪಾತ್ರ. ರಂಗದ ಮೇಲೆ ಅತ್ತೆ, ಟೀವಿಯಲ್ಲಿ ಅತ್ತೆ. ನೀನು ನರ್ಸಿಂಗ್ ಓದಿದ್ದು ನನ್ನ ಕಣ್ಣೀರಿನ ಸಂಪಾದನೆಯಲ್ಲಿ. 'ನಕ್ಷತ್ರಗಡಿ' ಧಾರಾವಾಹಿಯವರು ಕರೆದಾಗ ಮತ್ತೆ ಅಳಲು ಕರೆದರೆಂದೇ ಹೋದೆ. ಅವರು ಕೈಗೆ ಈಟಿ ಕೊಟ್ಟರು! ಆಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಒಂದು ನೌಕೆ, ಅದಕ್ಕೆ ಎದುರಾಗುವ ಕೆಂಡಕುಲ ಎಂಬ ಯೋಧರ ಜನಾಂಗ, ಆ ಕುಲದ ಹಿರಿಯಳು ನಾನು. ಒಂದೆರಡು ಕಂತಿನಲ್ಲಿ ಸಾಯಬೇಕಾಗಿದ್ದವಳು. ನೋಡುವವರು ಸಾಯಲು ಬಿಡಲಿಲ್ಲ. ಆ ಕುಲದಲ್ಲಿ ಕಿರೀಟವಿಲ್ಲ, ಸಿಂಹಾಸನವಿಲ್ಲ. ಬದುಕಿ ಉಳಿದದ್ದೇ ದೊಡ್ಡ ಗೆಲುವು ಎಂದು ನಂಬಿದ ಜನ. ಮುಖದಲ್ಲಿ ಯಾರಿಗೆ ಗೆರೆ ಹೆಚ್ಚೋ ಸಭೆಯಲ್ಲಿ ಅವರದೇ ಮೊದಲ ಮಾತು. ಕಿರಿಯರು ತಮ್ಮ ಹಣೆಯ ಮೇಲೆ ಅಂಗೈ ಇಟ್ಟು ಹಿರಿಯರ ಗೆರೆಗಳಿಗೆ ನಮಿಸುತ್ತಾರೆ. ಈಗ ಬಸ್ ನಿಲ್ದಾಣದಲ್ಲಿ ಶಾಲೆಯ ಮಕ್ಕಳು ನನ್ನನ್ನು ಕಂಡರೆ ಹಾಗೆ ಮಾಡುತ್ತಾರೆ. ಮೊನ್ನೆ ಬ್ಯಾಂಕಿನ ಹೆಂಗಸೊಬ್ಬಳು ಕೌಂಟರಿನ ಹಿಂದಿನಿಂದಲೇ ಅಂಗೈಯನ್ನು ಹಣೆಗೆ ಒತ್ತಿಕೊಂಡಳು. ಸಾಲಿನಲ್ಲಿದ್ದವರು ಅವಳಿಗೆ ತಲೆನೋವೆಂದು ತಿಳಿದರು.

ಧಾರಾವಾಹಿ ಗೆದ್ದ ಮೇಲೆ ಸಾಮಾನುಗಳು ಬಂದವು. ಊಟದ ಡಬ್ಬಿ, ದಿಂಬಿನ ಚೀಲ, ಈಟಿಯಾಕಾರದ ಹಲ್ಲುಜ್ಜುವ ಬ್ರಷ್ಷು, ಕೊನೆಗೆ ನನ್ನದೇ ಗೊಂಬೆ. ನಡುಪಟ್ಟಿಯ ಗುಂಡಿಯವರೆಗೆ ಎಲ್ಲ ತದ್ರೂಪು, ಮುಖ ಮಾತ್ರ ಆಗತಾನೆ ಸುಲಿದ ಮೊಟ್ಟೆ. ಸೊಂಟ ಎಲ್ಲಿದೆಯೆಂದು ಕನ್ನಡಕ ಹಾಕಿಕೊಂಡು ಹುಡುಕಬೇಕು. ನಕ್ಕು ಫ್ರಿಜ್ಜಿನ ಮೇಲೆ ಕೂರಿಸಿದೆ. ಗೊಂಬೆಗೂ ಡಬ್ಬಿಗೂ ಅವರು ನನ್ನನ್ನು ಕೇಳಬೇಕಾಗಿಲ್ಲ, ಒಪ್ಪಂದ ಹಾಗಿದೆ. ಜಾಹೀರಾತಿಗೆ ಮಾತ್ರ ನನ್ನ ಸಹಿ ಬೇಕು.

ನೀನು ಸಹಿ ಹಾಕು ಎಂದ ಆ ಜಾಹೀರಾತು ಯಾವುದರದ್ದೆಂದು ಫೋನಿನಲ್ಲಿ ಹೇಳಲು ನೀನು ಅವಕಾಶವನ್ನೇ ಕೊಡಲಿಲ್ಲ. ಸಾಮಾನು ಮಾರುವ ವಿಭಾಗದ ಮುಖ್ಯಸ್ಥನನ್ನು ನಾವೆಲ್ಲ ಸರಕಿನ ಸಾಹೇಬ ಎನ್ನುತ್ತೇವೆ. ಅವನು ಗಾಜಿನ ಕೋಣೆಗೆ ಕರೆಸಿ, ನೀರು ಕೊಟ್ಟು, ಶಿರಸ್ತ್ರಾಣದ ಆಕಾರದ ಒಂದು ಡಬ್ಬಿಯನ್ನು ನನ್ನ ಮುಂದೆ ಸರಿಸಿದ. ಮುಖಕ್ಕೆ ಹಚ್ಚುವ ಕ್ರೀಮು. ಮುಚ್ಚಳದ ಮೇಲೆ 'ಗೆರೆಗಳ ಮೇಲೆ ಕೊನೆಯ ಯುದ್ಧ' ಎಂದು ಚಿನ್ನದ ಅಕ್ಷರ. "ಎರಡೇ ಫೋಟೋ ಅಮ್ಮಾ. ಹಚ್ಚೋಕೆ ಮುಂಚೆ ಒಂದು, ಹಚ್ಚಿದ ಮೇಲೆ ಒಂದು" ಎಂದ. ಹಚ್ಚಿದ ಮೇಲೂ ನಾನು ಹೀಗೇ ಇದ್ದರೆ ಎಂದು ಕೇಳಿದೆ. "ಅದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ" ಎಂದ. "ಹಾಗಾದ್ರೆ ಕ್ರೀಮನ್ನೂ ಅದಕ್ಕೇ ಹಚ್ಚಪ್ಪ" ಎಂದು ಎದ್ದು ಬಂದೆ.

ಜಂಬದಿಂದ ಎದ್ದು ಬಂದದ್ದೇನೋ ಸರಿ. ಆದರೆ ಮುಂದಿನ ವರ್ಷದ ಧಾರಾವಾಹಿಗೆ ದುಡ್ಡು ಹಾಕುವವರೇ ಆ ಕ್ರೀಮಿನವರು ಎಂಬುದು ಮೇಕಪ್ ಕೋಣೆಗೆ ಬಂದ ಮೇಲೆ ತಿಳಿಯಿತು. ನನ್ನ ಮೇಕಪ್‌ನವನು ನಿನಗೆ ಗೊತ್ತಲ್ಲ, ನಾಟಕದ ದಿನಗಳಿಂದ ಜೊತೆಗಿದ್ದವನು. ನೀನು ಮಗುವಾಗಿದ್ದಾಗ ನಾನು ರಂಗದ ಮೇಲಿದ್ದರೆ ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೇರೆಯವರಿಗೆ ಮೀಸೆ ಅಂಟಿಸುತ್ತಿದ್ದವನು. ಅವತ್ತು ಅವನು ನನ್ನ ಕಡೆ ನೋಡಲೇ ಇಲ್ಲ. ಬ್ರಷ್ಷುಗಳನ್ನು ತೊಳೆಯುತ್ತ, "ನಿಮ್ಮ ಗೆರೆ ನಿಮಗಿರ್ಲಿ ಅಕ್ಕಾ. ಇದು ನಿಂತ್ರೆ ನಾನು ಎಲ್ಲಿಗೆ ಹೋಗ್ಲಿ? ಈ ಕೈ ನಡುಗೋದನ್ನ ಕಂಡ್ರೆ ಹೊಸಬರು ಯಾರು ಕೆಲಸ ಕೊಡ್ತಾರೆ?" ಎಂದ. ಕುರ್ಚಿಯಲ್ಲಿ ಕೂತು ಅವನಿಗೆ ಮುಖ ಒಡ್ಡಿದೆ. ಅವನು ಬಣ್ಣ ಹಚ್ಚಿದ. ಯಾವತ್ತೂ ಗುನುಗುವವನು ಅವತ್ತು ಗುನುಗಲಿಲ್ಲ.

ಮನೆಗೆ ಬಂದು ಈ ಮೇಜಿನ ಮುಂದೆಯೇ ಯೋಚಿಸುತ್ತ ಕೂತೆ. ಸಹಿ ಹಾಕಿದರೆ ಎಲ್ಲರ ಅನ್ನ ಉಳಿಯುತ್ತದೆ, ನನ್ನ ಮೊಣಕಾಲಿನ ಆಪರೇಷನ್ನೂ ಆಗುತ್ತದೆ. ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಹಣೆಗೆ ಅಂಗೈ ಇಟ್ಟ ಆ ಮಕ್ಕಳಿಗೆ, ಅದೆಲ್ಲ ಆಟಕ್ಕೆ ಹೇಳಿದ್ದು, ನಿಮ್ಮ ಅಜ್ಜಿಯರ ಮುಖವನ್ನು ಇದರಿಂದ ಒರೆಸಿಬಿಡಿ ಎಂದು ಯಾವ ಬಾಯಿಂದ ಹೇಳಲಿ? ಬೇರೆ ಏನನ್ನಾದರೂ ಮಾರುತ್ತಿದ್ದೆ. ಪೊರಕೆ ಕೊಟ್ಟಿದ್ದರೂ ಹಿಡಿದು ನಿಂತು ಮಾರುತ್ತಿದ್ದೆ.

ಮರುದಿನ ನಿರ್ದೇಶಕ ನನ್ನ ಮನವೊಲಿಸಲು ಹಣ್ಣಿನ ಚೀಲ ಹಿಡಿದು ಮನೆಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ, "ನನ್ನನ್ನ ಸಾಯಿಸಪ್ಪ" ಎಂದೆ. ಪಾಪ, ನಾನು ಕೊಟ್ಟಿದ್ದ ಕಾಫಿಯ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ವಿವರಿಸಿ ಹೇಳಿದೆ: ಕೆಂಡಕುಲಕ್ಕೆ ಕಿರಿಯಳೊಬ್ಬಳನ್ನು ಒಡತಿ ಮಾಡು, ಕ್ರೀಮಿನವರಿಗೆ ಅವಳ ನುಣುಪು ಮುಖ ತೋರಿಸು, ಧಾರಾವಾಹಿ ನಡೆಯಲಿ, ಒಬ್ಬರ ಕೆಲಸವೂ ಹೋಗದಿರಲಿ. ಬದಲಿಗೆ ನನ್ನ ಸಾವನ್ನು ನನಗೆ ಬಿಡು. ಬಣ್ಣವಿಲ್ಲ, ಟೋಪನ್ನಿನ ಸುಳ್ಳು ಕೂದಲಿಲ್ಲ, ಮಲಗಿ ಸಾಯುವುದಿಲ್ಲ. ಅವನು ಲೋಟ ಕೆಳಗಿಟ್ಟು, "ಅಮ್ಮಾ, ನಿಮಗೆ ಇದರಿಂದ ಏನು ಸಿಗುತ್ತೆ?" ಎಂದ. ಏನೂ ಇಲ್ಲವೆಂದೆ. ಕ್ರೀಮಿನವರು ಸಂತೋಷದಿಂದ ಒಪ್ಪಿದರಂತೆ. ನನ್ನ ಸಾವಿನ ಸುದ್ದಿಗೆ ಸಿಹಿ ಹಂಚಿದರೋ ಇಲ್ಲವೋ ತಿಳಿಯದು.

ಹೊಸ ಒಡತಿಯಾಗಿ ಆರಿಸಿದ್ದು ನನ್ನ ಅಂಗರಕ್ಷಕಿಯ ಪಾತ್ರ ಮಾಡುತ್ತಿದ್ದ ಹುಡುಗಿಯನ್ನು. ಮಾತು ಶುರು ಮಾಡಿದರೆ ನಿಲ್ಲಿಸದವಳು, ಸೆಟ್ಟಿನಲ್ಲಿ ಎಲ್ಲರೂ ಪಟಾಕಿ ಎನ್ನುತ್ತಾರೆ. ಅವಳಿಗೆ ಇದೇ ಮೊದಲ ದೊಡ್ಡ ಪಾತ್ರ. ನನ್ನ ಜಾಗವನ್ನು ತಾನು ಕಿತ್ತುಕೊಂಡೆನೆಂದು ಒಂದು ವಾರ ನನ್ನ ಕಣ್ಣು ತಪ್ಪಿಸಿಕೊಂಡು ಓಡಾಡಿದಳು. ಕೊನೆಗೆ ನಾನೇ ಹಿಡಿದು ನಿಲ್ಲಿಸಿ, ಕೊಡುತ್ತಿರುವವಳು ನಾನು, ತಲೆ ಎತ್ತಿ ತಗೋ ಎಂದೆ.

ಸಾಯುವ ದೃಶ್ಯದ ದಿನ ಸೆಟ್ಟು ತುಂಬಿಹೋಗಿತ್ತು. ಬಟ್ಟೆ ಇಸ್ತ್ರಿ ಮಾಡುವವರು, ದೀಪದವರು, ಲೆಕ್ಕ ಬರೆಯುವವರು ಎಲ್ಲ ಬಂದು ಗೋಡೆಗೆ ಒರಗಿ ನಿಂತಿದ್ದರು. ದೀಪದ ಕೆಳಗೆ ಬರಿ ಮುಖದಲ್ಲಿ ನಿಂತೆ. ಬಣ್ಣವಿಲ್ಲದೆ ಕ್ಯಾಮೆರಾ ಮುಂದೆ ನಿಂತದ್ದು ಅದೇ ಮೊದಲು. ಮೈಮೇಲೆ ಬಟ್ಟೆಯಿಲ್ಲದ ಹಾಗನಿಸಿತು. ಈಟಿ ಊರಿಕೊಂಡು ಕುಲದವರೆಲ್ಲರ ಮುಖ ನೋಡುತ್ತ ಮಾತಾಡಬೇಕು. ಅರ್ಧದಲ್ಲಿ ಮೊಣಕಾಲು ಕೈಕೊಟ್ಟಿತು. ಬೀಳುವುದೇ ಸರಿ ಎನ್ನುವಾಗ ಪಟಾಕಿ, ಬರೆದುಕೊಟ್ಟದ್ದರಲ್ಲಿ ಇಲ್ಲದಿದ್ದರೂ, ಮುಂದೆ ಬಂದು ನನ್ನ ತೋಳಿನ ಕೆಳಗೆ ಭುಜ ಕೊಟ್ಟಳು. "ನಿಲ್ಲಿ, ನಾನಿದ್ದೀನಿ" ಎಂದು ಕಿವಿಯಲ್ಲಿ ಅಂದಳು. ನಿಂತೆ. "ನನ್ನ ಮುಖ ಮುಚ್ಚಬೇಡಿ" ಎಂದೆ. ಅದೂ ಬರೆದುಕೊಟ್ಟ ಮಾತಲ್ಲ, ಬಾಯಿಗೆ ಬಂತು. ನಿರ್ದೇಶಕ ಕಟ್ ಎನ್ನುವುದನ್ನೇ ಮರೆತ.

ಆಮೇಲೆ ಕುರ್ಚಿಯಲ್ಲಿ ಕುಸಿದಾಗ ಮೇಕಪ್‌ನವನು ಬಂದ. ಒದ್ದೆ ಟವೆಲ್ಲಿನಿಂದ ನನ್ನ ಹಣೆ, ಕೆನ್ನೆ, ಗಲ್ಲವನ್ನೆಲ್ಲ ಎಂದಿನಂತೆ ನಿಧಾನವಾಗಿ ಒರೆಸಿದ. ಒರೆಸಲು ಅಲ್ಲಿ ಬಣ್ಣವೇ ಇರಲಿಲ್ಲ.

ಹಾಗೆ ನಾನು ಈಗ ಕೆಲಸವಿಲ್ಲದವಳು. ಅಳಬೇಡ, ಗದರಲೂಬೇಡ. ಮನೆ ಇದೆ, ಬಾಯಿ ಇದೆ. ಅಳುವ ಅತ್ತೆಯ ಪಾತ್ರಕ್ಕೆ ಒಬ್ಬ ಆಗಲೇ ಫೋನ್ ಮಾಡಿದ್ದ. ಅಳುವುದಿಲ್ಲ, ಬೇಕಿದ್ದರೆ ಅಳಿಸುತ್ತೇನೆ ಎಂದೆ. ಯೋಚಿಸಿ ಹೇಳುತ್ತಾನಂತೆ. ಹಟ ಯಾಕೆ ಎಂದು ಕೇಳಿದ್ದೆಯಲ್ಲ, ಇಷ್ಟು ಉದ್ದ ಬರೆದರೂ ನಿನಗೆ ಅರ್ಥವಾಗದಿದ್ದರೆ ಬಂದಾಗ ಎದುರು ಕೂತು ಜಗಳವಾಡೋಣ. ನಾನು ಬಿಟ್ಟುಕೊಡುವವಳಲ್ಲ, ಈಗಲೇ ಹೇಳಿರುತ್ತೇನೆ.

ಮೈ ಕೈ ಗಟ್ಟಿಯಾಗಿರಲಿ, ನಿನ್ನ ಕೈಗೆ ಬಂದ ರೋಗಿಗಳೆಲ್ಲ ಎದ್ದು ಓಡಾಡಲಿ. ನಿನಗೆ ಗಂಜಿ ಕಾಸಿ ಕೊಟ್ಟ ಹಡಗಿನ ಅಡುಗೆಯವನಿಗೆ ಈ ತಾಯಿಯ ನಮಸ್ಕಾರ ತಿಳಿಸು.

ಇತಿ,
ನಿನ್ನ ಹಟಮಾರಿ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಪಟಾಕಿ! ಕೈಯಲ್ಲಿ ಸೂಟ್‌ಕೇಸು. ನಿನ್ನೆ ಅವಳ ಮುಂದೆಯೂ ಆ ಡಬ್ಬಿ ಸರಿಸಿದರಂತೆ, ಆಗಲ್ಲ ಎಂದು ಎದ್ದು ಬಂದಳಂತೆ. ನಾನು ಒಂದು ಮಾತೂ ಕಲಿಸಿಕೊಟ್ಟಿಲ್ಲ, ನಿನ್ನಾಣೆ. ಕಂಪನಿ ಕೊಟ್ಟ ಮನೆಯನ್ನು ಖಾಲಿ ಮಾಡಿಸಿದ್ದಾರೆ, ನಿನ್ನ ಕೋಣೆ ಕೊಟ್ಟಿದ್ದೇನೆ. ಇನ್ನು ಸೆಟ್ಟಿನವರ ಕೆಲಸದ ಗತಿ ಏನೋ, ನನಗೂ ಎದೆ ಹೊಡೆದುಕೊಳ್ಳುತ್ತಿದೆ. ಈಗ ಕೆಳಗೆ ಸರಕಿನ ಸಾಹೇಬನ ಕಾರು ಬಂದು ನಿಂತಿದೆ, ಅವಳ ಸಹಿಗೇ ಇರಬೇಕು. ನೀನು ಒಳಗಿರು, ನಾನು ಮಾತಾಡ್ತೀನಿ ಎಂದರೆ ಈ ಹುಡುಗಿ ಕೇಳುತ್ತಿಲ್ಲ. ಬಾಗಿಲಲ್ಲಿ ನನ್ನ ಪಕ್ಕದಲ್ಲೇ ನಿಲ್ಲುತ್ತಾಳಂತೆ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಹೋಗುತ್ತೇನೆ.