ಬೀಜದ ಪೊಟ್ಟಣವಾದ ಗೇರ್ ಪುಸ್ತಕ

ಮಾನ್ಯ ನಗರಾಧ್ಯಕ್ಷರೇ,

ಕಳೆದ ವಸಂತದಲ್ಲಿ, ಹೊಸ ವರ್ಷದ ನೌರುಜ್ ಹಬ್ಬದ ವಾರ, ನೀವು ನಮ್ಮ ಕಲ್ಲಿದ್ದಲು ಗಣಿಯ ಗ್ರಂಥಾಲಯವನ್ನು ತೆರವು ಮಾಡಿಸಿ, ಗೇರ್ ವಿನ್ಯಾಸದ ಕೈಪಿಡಿಗಳನ್ನೆಲ್ಲ ರದ್ದಿಗೆ ಹಾಕಿಸಿದಿರಿ. ನಿನ್ನೆ ಬಜಾರಿನಲ್ಲಿ ಬೀಜ ಮಾರುವ ಬುರುಲ್ ಅವುಗಳದೇ ಹಾಳೆಯಲ್ಲಿ ನನಗೆ ಸೂರ್ಯಕಾಂತಿ ಬೀಜ ಕಟ್ಟಿಕೊಟ್ಟಳು. "ಓದ್ಕೊಂಡು ತಿನ್ನಿ ಮೇಷ್ಟ್ರೇ, ಓದೋದಕ್ಕೆ ಕಾಸು ಕೊಡ್ಬೇಕಿಲ್ಲ!" ಎಂದು ನಕ್ಕಳು.

ನನ್ನ ತಂದೆಯ ಕಾಲದಲ್ಲಿ ಆ ಪುಸ್ತಕಗಳನ್ನು ತೆರೆಯದೆ ಗಣಿಯಲ್ಲಿ ಯಾರೂ ಗೇರ್ ಕೊರೆಯುತ್ತಿರಲಿಲ್ಲ. ಈಗ ಗಣಿಗಾರರನ್ನು ಕೆಳಗಿಳಿಸುವ ಲಿಫ್ಟಿನ ಗೇರ್ ಮುರಿದಾಗ ಎಂಜಿನಿಯರ್ ದಾನಿಯಾರ್ ಅದರ ಸವೆದ ಹಲ್ಲನ್ನೇ ಅಳೆದು ಹೊಸದು ಮಾಡಿಸಿದ್ದಾನೆ. "ಸರಿಯಾದ ಅಳತೆ ಪುಸ್ತಕದಲ್ಲಿತ್ತು. ಈಗೇನು ಬುರುಲಕ್ಕನ ಅಂಗಡೀಲಿ ಹುಡುಕ್ಲಾ ಮೇಷ್ಟ್ರೇ?" ಎನ್ನುತ್ತಾನೆ.

ಆ ಹೊಸ ಗೇರ್ ಬಳಸಲು ನೀವು ಸಹಿ ಹಾಕಿದ್ದೀರಿ. ಸೋಮವಾರ ಅದೇ ಲಿಫ್ಟಿನಲ್ಲಿ ನನ್ನ ಮಗ ಎಮಿಲ್ ಗಣಿಗೆ ಇಳಿಯಬೇಕು. ಆ ಗೇರ್ ಭಾರ ತಡೆಯುತ್ತದೆಂದು ನೀವು ಏನನ್ನು ನೋಡಿ ಒಪ್ಪಿಗೆ ಕೊಟ್ಟಿರಿ? ಅವನು ಇಳಿಯುವ ಮೊದಲು, ಚೌಕದಲ್ಲಿ, ಎಲ್ಲ ಗಣಿಗಾರರ ಮುಂದೆ ಉತ್ತರಿಸಿ.

ತುರ್ಗುನ್‌ಬಾಯ್
ನಿವೃತ್ತ ಇತಿಹಾಸ ಶಿಕ್ಷಕ