ಗಾಜಿನ ಹಿಂದಿನ ಜೋಡಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನನಗೆ ನಿಶ್ಚಿತಾರ್ಥವೇ ಆಗಿರಲಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಈಗ ಹೇಳಿದೆ. ಇನ್ನು ಕ್ಷೇಮ ಸಮಾಚಾರ: ನೀನು ಹೇಗಿದ್ದೀಯ, ಭಾವ ಹೇಗಿದ್ದಾರೆ, ಪುಟ್ಟಿಗೆ ಹಲ್ಲು ಬಂತಾ? ಉತ್ತರ ತಡವಾದುದಕ್ಕೆ ಕ್ಷಮಿಸು. ನಿನ್ನ ಪತ್ರಗಳೆಲ್ಲ ತಲುಪಿವೆ. 'ಮದುವೆ ಯಾವಾಗ?' ಎಂದು ಪ್ರತಿಸಲ ಕೇಳಿದ್ದೀಯ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆ.

ನಡೆದದ್ದು ಇಷ್ಟು. ನಮ್ಮ ಫೋಟೊ ಸ್ಟುಡಿಯೊದ ಮುಂದಿನ ಗಾಜಿನಲ್ಲಿ ಇಡಲು ಯಜಮಾನರಿಗೆ ಒಂದು ಜೋಡಿಯ ಚಿತ್ರ ಬೇಕಿತ್ತು. ಗಿರಾಕಿಗಳ ಚಿತ್ರ ಇಟ್ಟರೆ ಜಗಳಕ್ಕೆ ಬರುತ್ತಾರೆಂದು ನನ್ನನ್ನೂ ಒಂಟೆಯನ್ನೂ ನಿಲ್ಲಿಸಿದರು. ಒಂಟೆ ಅಂದರೆ ಕಂಪ್ಯೂಟರಿನಲ್ಲಿ ಜನರ ಮೊಡವೆ, ಮಚ್ಚೆ ಅಳಿಸುವವನು. ಮೊದಲು ಅವನ ಕುತ್ತಿಗೆ ಬಾಗಿಲು ದಾಟುತ್ತದೆ, ಆಮೇಲೆ ಅವನು. ಸ್ಟುಡಿಯೊದ ನೀಲಿ ರೇಷ್ಮೆ, ಹಿತ್ತಾಳೆಯ ಉಂಗುರ, ಅವನ ಅಂಗೈಯಲ್ಲಿ ನನ್ನ ಕೈ. ಆ ಚಿತ್ರ ನೋಡಿ ನಿಶ್ಚಿತಾರ್ಥವೇ ಆಯಿತೆಂದು ನಂಬಿದ ಅವನ ಅಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಸಂತೋಷಕ್ಕೆ!

"ಅಮ್ಮನ ಮಂಡಿ ಆಪರೇಷನ್ ಮುಗಿಯೋವರೆಗೂ ಬಾಯಿ ಬಿಡ್ಬೇಡ ಕಣೇ," ಎಂದು ಒಂಟೆ ಗೋಗರೆದ.

"ನನಗೆ ಸುಳ್ಳು ಬರಲ್ಲ. ಮೇಷ್ಟ್ರು 'ಅರ್ಥ ಆಯ್ತಾ' ಅಂದಾಗ 'ಇಲ್ಲ' ಅಂತ ಹೇಳಿ ಹೇಳಿನೇ ಶಾಲೆ ಬಿಟ್ಟವಳು ನಾನು."

"ಏನೂ ಹೇಳ್ಬೇಡ ಮಾರಾಯ್ತಿ, ಸುಮ್ನಿದ್ರೆ ಸಾಕು."

ಸುಮ್ಮನಿದ್ದೆ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ನಿನಗೂ ಮುಟ್ಟಿತು. ಆಪರೇಷನ್ ಆದ ಮೇಲೆ ಅವರ ಮನೆಯಲ್ಲೇ ಇದ್ದು ನೋಡಿಕೊಂಡೆ. ತಲೆ ಬಾಚಿದೆ, ಗೋಡೆ ಹಿಡಿಸಿ ನಡೆಸಿದೆ. ಅವರು ತಾವಾಗಿಯೇ ಅಡುಗೆಮನೆಯವರೆಗೆ ಹೋಗಿಬಂದ ದಿನ, ಒಂಟೆಯನ್ನೂ ಕೇಳದೆ ನಿಜ ಹೇಳಿಬಿಟ್ಟೆ. ಅವರು ಲೋಟವನ್ನು ನನ್ನತ್ತ ಸರಿಸಿದರು. "ಕಾಫಿ ಆರ್ತಾ ಇದೆ, ಕುಡಿ," ಎಂದರು. ಕ್ಷಮಿಸಿದರು ಎಂದುಕೊಂಡೆ.

ಅಕ್ಕಾ, ಮೊನ್ನೆ ಶುಕ್ರವಾರ ಬೆಳಿಗ್ಗೆ ಶಟರ್ ಎತ್ತುತ್ತೇನೆ, ಗಾಜಿನ ಹಿಂದೆ ಅದೇ ಚಿತ್ರ. ಅದೇ ನೀಲಿ ರೇಷ್ಮೆ, ನನ್ನದೇ ಭುಜ, ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ನನ್ನದೇ ಹೆಬ್ಬೆರಳು. ಕುತ್ತಿಗೆಯ ಮೇಲೆ ಮಾತ್ರ ಬೇರೆ ಯಾರದೋ ಮುಖ! ನಗುತ್ತಿದೆ! ಕೈಯಲ್ಲಿದ್ದ ಬೀಗ ಕಾಲ ಮೇಲೆ ಬಿತ್ತು. ನೋವೂ ಗೊತ್ತಾಗಲಿಲ್ಲ. ನನ್ನ ಮುಖ ಇದ್ದಲ್ಲೇ ಇದೆಯಾ ಎಂದು ಮುಟ್ಟಿ ನೋಡಿಕೊಂಡೆ, ನಗಬೇಡ.

ಒಂಟೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಂತೆ ಕೇಳಿದೆ, "ಯಾರೋ ಇದು?"

"ಔಷಧಿ ಅಂಗಡಿ ಹುಡುಗಿ. ಬುಧವಾರ ಮದುವೆ ಮಾತುಕತೆ ಆಯ್ತು. ಇದು ನಿಜವಾದ್ದು," ಎಂದ ಒಂಟೆ, ಕಂಪ್ಯೂಟರಿನಿಂದ ತಲೆ ಎತ್ತದೆ.

"ಅದಕ್ಕೆ ನನ್ನ ತಲೆ ತೆಗೀತೀಯಾ?"

"ಫೋಟೊಗೆ ಬರೋಕೆ ಅವಳಿಗೆ ರಜೆ ಸಿಗ್ಲಿಲ್ಲ. ಇದರಲ್ಲಿ ಬೆಳಕೂ ಚೆನ್ನಾಗಿ ಬಿದ್ದಿತ್ತು ಕಣೇ."

ಅಷ್ಟರಲ್ಲಿ ಬಂದ ಯಜಮಾನರು ಕನ್ನಡಕ ಏರಿಸಿ ಚಿತ್ರದ ಹತ್ತಿರ ಬಗ್ಗಿದರು. "ಕೂಗಾಡ್ಬೇಡ. ಕತ್ತು ಎಲ್ಲಿ ಸೇರಿದೆ ಅಂತ ಹುಡುಕು ನೋಡೋಣ. ಗೊತ್ತೇ ಆಗಲ್ಲ!"

ಒಂಟೆಯ ಮೇಲೆ ನನಗೆ ಎಂದೂ ಆಸೆ ಇರಲಿಲ್ಲ, ನಿನ್ನಾಣೆ. ಅವನು ಸುಖವಾಗಿರಲಿ. ಆದರೂ ಆ ಗಾಜಿನ ಮುಂದೆ ಇನ್ನೊಂದು ದಿನ ಶಟರ್ ಎತ್ತಲಾರೆ. ಕೆಲಸ ಬಿಟ್ಟೆ. 'ಮತ್ತೆ ಬಿಟ್ಟೆಯಾ?' ಎನ್ನುತ್ತೀಯ. ಹೌದು, ಮತ್ತೆ ಬಿಟ್ಟೆ. ಎಲ್ಲಾದರೂ ನೆಲೆ ಸಿಕ್ಕ ಮೇಲೆ ವಿಳಾಸ ಬರೆಯುತ್ತೇನೆ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು, ಅವಳು ನೂರು ಕಾಲ ಬಾಳಲಿ. ನನಗೆ ನಿನ್ನ ಆಶೀರ್ವಾದ ಇರಲಿ, ಬೈಗುಳವೂ ಇರಲಿ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಮುಖ ಬದಲಿಸು ಎಂದದ್ದು ಒಂಟೆಯಲ್ಲ, ಯಜಮಾನರೂ ಅಲ್ಲ. ಅವನ ಅಮ್ಮ. ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಮುಗಿಯುವವರೆಗೂ ನೋಡಿದರಂತೆ. ನಂಬಲಾಗದೆ ನಿನ್ನೆ ಅವರ ಮನೆಗೇ ಹೋದೆ. "ಹೌದು, ನಾನೇ ಹೇಳಿದ್ದು. ಅದು ಸುಳ್ಳು ಅಂದವಳು ನೀನೇ ತಾನೇ?" ಎಂದರು, ಬಾಗಿಲಲ್ಲೇ ನಿಂತು. ಒಳಗೆ ಕರೆಯಲಿಲ್ಲ. ನಮ್ಮಮ್ಮ ತೀರಿಹೋದಾಗ ಅವಳ ದನಿ ನೆನಪಿಟ್ಟುಕೊಳ್ಳುವಷ್ಟು ದೊಡ್ಡವಳಾಗಿದ್ದೆ ನೀನು. ನನಗೆ ಏನೂ ನೆನಪಿಲ್ಲ. ಒಂಟೆಯ ಅಮ್ಮ, ನಾನು ತಲೆಯ ಸಿಕ್ಕು ಬಿಡಿಸುವಾಗ, "ಮೆಲ್ಲಗೆ ಮಗಳೇ," ಎನ್ನುತ್ತಿದ್ದರು. ಅಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಒಂಟೆಗೆ ಕೊಟ್ಟ ಮಾತಿಗಲ್ಲ ಅಕ್ಕಾ, ಆ ಒಂದು ಮಾತು ಕೇಳುವುದಕ್ಕೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.